ನೀಲಿ ಡಬ್ಬಿಯ ಸಿಪಾಯಿ

ಜನವರಿ ೮

ಮರಿ,

ನಿನ್ನ ಕೊನೆಯ ಕಾಗದದಲ್ಲಿ ಇದ್ದದ್ದೇ ಮೂರು ಸಾಲು. ಒಂದು ನನ್ನನ್ನು ವಿಚಾರಿಸಿಕೊಳ್ಳುವುದಕ್ಕೆ ಹೋಯಿತು, ಇನ್ನೊಂದು ಅಮ್ಮನ ಮಂಡಿನೋವಿಗೆ. ನಿನ್ನ ಪಾಲಿಗೆ ಉಳಿದದ್ದು "ನಾನು ಚೆನ್ನಾಗಿದ್ದೇನೆ" ಅನ್ನುವ ಒಂದು ಸಾಲು. ಅಮ್ಮ ಅದನ್ನೇ ಮತ್ತೆ ಮತ್ತೆ ಓದಿಸಿದಳು. ಕಡೆಗೆ ನಾನೇ ಒಂದಿಷ್ಟು ಒಗ್ಗರಣೆ ಹಾಕಿ ಓದಿದೆ: ಕಂಬಳಿ ದಪ್ಪಗಿದೆ, ಹೊಸ ಬೂಟು ಕೊಟ್ಟಿದ್ದಾರೆ, ಜೊತೆಯವರೆಲ್ಲ ಒಳ್ಳೆಯವರು. ಗಡಿ ಕಾಯುವುದಕ್ಕೆ ಹೋದವನು ನಾಲ್ಕು ಸಾಲು ಬರೆದರೆ ಯಾರೂ ನಿನ್ನನ್ನು ಹೇಡಿ ಅನ್ನುವುದಿಲ್ಲ.

ಇಲ್ಲಿ ತರಬೇತಿ ಶಾಲೆಯ ಮಾದರಿ ಕೋಣೆಯಲ್ಲಿ ಹೊಸ ರಗಳೆ ಶುರುವಾಗಿದೆ. ಅಕ್ಕಪಕ್ಕದವರು ಕೇಳಿದರೆ ಅಮ್ಮ ಈಗಲೂ "ನಮ್ಮ ಹುಡುಗಿ ಗೊಂಬೆ ಮಾಡ್ತಾಳೆ" ಅನ್ನುತ್ತಾಳೆ. ಹಳೆಯ ಕಾಳಗಗಳನ್ನು ಗುಡ್ಡ, ಹಳ್ಳ, ಸೇತುವೆ ಸಮೇತ ಮೇಜಿನ ಮೇಲೆ ಕಟ್ಟಿ, ಅಧಿಕಾರಿಗಳಾಗಲು ಬಂದವರಿಗೆ ತೋರಿಸುವುದು ಗೊಂಬೆ ಕೆಲಸ ಅನ್ನುವುದಾದರೆ ಹಾಗೇ ಆಗಲಿ. ಈ ಸಲ ಸೇತುವೆ ಕಾಳಗಕ್ಕೆ ಪುಟ್ಟ ಸಿಪಾಯಿಗಳನ್ನು ತರಿಸಿದರು. ಅರ್ಧ ಕೆಂಪು ಡಬ್ಬಿಯ ಕಂಪನಿಯವರು, ಅರ್ಧ ನೀಲಿ ಡಬ್ಬಿಯವರು. ಎರಡು ಡಬ್ಬಿಯ ಮೇಲೂ ಒಂದೇ ಅಳತೆ ಅಚ್ಚಾಗಿದೆ, ಒಂದಕ್ಕೆ ಎಪ್ಪತ್ತೆರಡು. ಅಂದರೆ ನಿಜವಾದ ಮನುಷ್ಯನ ಎತ್ತರದಲ್ಲಿ ಎಪ್ಪತ್ತೆರಡನೆಯ ಒಂದು ಪಾಲು. ಬಿಚ್ಚಿ ಪಕ್ಕಪಕ್ಕ ನಿಲ್ಲಿಸಿದರೆ ಕೆಂಪಿನವನು ಇಪ್ಪತ್ತೈದು ಮಿಲಿಮೀಟರ್, ನೀಲಿಯವನು ಇಪ್ಪತ್ತಮೂರು. ಕೆಂಪಿನವರು ಹೊಟ್ಟೆ ತುಂಬ ಉಂಡು ಬೆಳೆದ ಅಣ್ಣಂದಿರ ಹಾಗೆ, ನೀಲಿಯವರು ಅವರ ಹಳೇ ಅಂಗಿ ತೊಟ್ಟ ತಮ್ಮಂದಿರ ಹಾಗೆ. ಎರಡು ಕಂಪನಿಯ ಬಂದೂಕುಗಳೂ ಒಂದೇ ಉದ್ದ ಇಲ್ಲ.

ನನ್ನ ಜೊತೆ ಕೆಲಸ ಮಾಡುವವರು ನಿನಗೆ ಗೊತ್ತಲ್ಲ, ಕೈಗೆ ಸಿಕ್ಕಿದ್ದನ್ನೆಲ್ಲ ಅಂಟಿಸಿಬಿಡುವ ಹಿರಿಯರು, ನಾವಿಬ್ಬರೂ ಗೋಂದಪ್ಪ ಅಂತ ಹೆಸರಿಟ್ಟವರು. ಅವರು ಎರಡನ್ನೂ ಬೆರೆಸಿ ಅಂಟಿಸುತ್ತಾ ಕೂತಿದ್ದರು. ನಾನು ಬೇಡ ಅಂದರೆ, "ಏನಮ್ಮಾ, ಸೈನ್ಯದಲ್ಲಿ ಉದ್ದ ಇರೋರು ಗಿಡ್ಡ ಇರೋರು ಇರಲ್ವಾ? ದೂರದಿಂದ ಯಾರಿಗೆ ಗೊತ್ತಾಗುತ್ತೆ?" ಅಂದರು. ಅವರ ಬಾಯಿ ಮುಚ್ಚಿಸುವುದಕ್ಕೆ ಒಂದು ಉತ್ತರ ಬರೆದು ಕಳಿಸು. ಚಿಕ್ಕವನಿದ್ದಾಗ ನನಗಿಂತ ಚೆನ್ನಾಗಿ ಬಣ್ಣ ಹಚ್ಚುತ್ತಿದ್ದವನು ನೀನು.

ಇಲ್ಲಿ ರೇಡಿಯೋದಲ್ಲಿ ಏನೇನೋ ಹೇಳುತ್ತಾರೆ. ಅಮ್ಮನ ಕೈಗೆ ಸಿಗದ ಹಾಗೆ ಅದರ ಸೆಲ್ ತೆಗೆದಿಟ್ಟಿದ್ದೇನೆ.

ಅಕ್ಕ


ಜನವರಿ ೨೬

ಅಕ್ಕಾ,

ಗೋಂದಪ್ಪನವರಿಗೆ ನನ್ನ ಉತ್ತರ ಹೀಗೆ ತಿಳಿಸು: ಮನುಷ್ಯರಲ್ಲಿ ಉದ್ದ ಗಿಡ್ಡ ಇರುತ್ತಾರೆ ಸ್ವಾಮಿ, ಒಂದೇ ಕಾರ್ಖಾನೆಯ ಬಂದೂಕಿನಲ್ಲಿ ಇರುವುದಿಲ್ಲ. ಹಾಗೂ ಬೆರೆಸಲೇಬೇಕಾದರೆ ಕೆಂಪಿನವರನ್ನು ಮುಂದೆ, ನೀಲಿಯವರನ್ನು ಹಿಂದೆ ನಿಲ್ಲಿಸು. ದೂರ ಇರುವವರು ಚಿಕ್ಕದಾಗಿ ಕಾಣುವುದು ಸಹಜ ಅಂತ ನೋಡುವವರು ಅಂದುಕೊಳ್ಳುತ್ತಾರೆ. ಈ ಕಳ್ಳವಿದ್ಯೆ ನನಗೆ ಕಲಿಸಿದವಳು ನೀನೇ.

ನಾಲ್ಕು ಸಾಲು ಬರಿ ಅಂದೆ, ಬರೆಯುತ್ತೇನೆ. ಇದನ್ನು ಅಮ್ಮನಿಗೆ ಓದಬೇಡ. ನಮ್ಮ ಠಾಣೆಯಲ್ಲಿ ನಾವು ಐದು ಜನ. ಎದುರಿಗೆ ಒಂದು ಕಲ್ಲಿನ ಗೋಡೆ. ನಡುವೆ ಕುಸಿದಿದ್ದ ಕಡೆ ಯಾರೋ ಪುಣ್ಯಾತ್ಮರು ಹಳೇ ಬಸ್ಸಿನ ಬಾಗಿಲು ತಂದು ನಿಲ್ಲಿಸಿದ್ದಾರೆ. ಗಾಜು, ಹಿಡಿಕೆ ಎಲ್ಲ ಹಾಗೇ ಇದೆ. ಬಂದ ಹೊಸದರಲ್ಲಿ ನಾವು ಅದರ ಹಿಡಿಕೆ ಹಿಡಿದು "ರೈಟ್, ರೈಟ್" ಅಂತ ಕೂಗಿ ನಗುತ್ತಿದ್ದೆವು. ಈಗ ಯಾರೂ ಕೂಗುವುದಿಲ್ಲ.

ಹೋದ ವಾರ ಪಕ್ಕದ ಠಾಣೆಯಲ್ಲಿ ಕಾವಲಿಗೆ ನಿಂತಿದ್ದವನು ಬೆಳಗಾಗುವಷ್ಟರಲ್ಲಿ ಇರಲಿಲ್ಲ. ಬಂದೂಕು ಇತ್ತು, ಒಂದು ಬೂಟು ಇತ್ತು, ಅವನಿರಲಿಲ್ಲ. ಬಂದವರು ನಮ್ಮದೇ ಸಮವಸ್ತ್ರ ಹಾಕಿಕೊಂಡಿದ್ದರಂತೆ. ಅಲ್ಲಿಂದಾಚೆಗೆ ನಾನು ಬೂಟು ಬಿಚ್ಚದೆ ಮಲಗುತ್ತೇನೆ. ಮಲಗುತ್ತೇನೆ ಅನ್ನುವುದೇ ದೊಡ್ಡ ಮಾತಾಯಿತು, ಕಣ್ಣು ಮುಚ್ಚಿಕೊಂಡಿರುತ್ತೇನೆ ಅಷ್ಟೇ. ಗೋಡೆಯಾಚೆ ಬೆಕ್ಕು ನಡೆದರೂ ಬೆರಳು ತಾನಾಗಿಯೇ ಹೋಗಿ ಬಂದೂಕಿನ ಕುದುರೆಯ ಮೇಲೆ ಕೂರುತ್ತದೆ. ನಮ್ಮವರೇ ನೀರು ತರಲು ಹೋಗಿ ಬಂದರೂ ಅವರ ಮುಖವನ್ನು ಒಂದು ಗಳಿಗೆ ನೋಡಿ ಗುರುತು ಹಿಡಿಯಬೇಕು ಅನ್ನಿಸುತ್ತದೆ. ನಿನ್ನೆ ಕನ್ನಡಿಯಲ್ಲಿ ನನ್ನ ಮುಖ ನೋಡಿಯೇ ಬೆಚ್ಚಿದೆ, ಗಡ್ಡ ಬೆಳೆದಿತ್ತು.

ನಗು ಬಂತಾ? ಬರಲಿ ಅಂತಲೇ ಬರೆದೆ. ಬೇಸಿಗೆಗೆ ರಜೆ ಸಿಗಬಹುದು ಅಂತಾರೆ. ಅಲ್ಲಿಯವರೆಗೆ ಸೇತುವೆ ಕಾಳಗದಲ್ಲಿ ನಮ್ಮವರನ್ನೇ ಗೆಲ್ಲಿಸು.

ನಿನ್ನ ಮರಿ


ಫೆಬ್ರವರಿ ೨೩

ಮರಿ,

ಎರಡು ಕಾಗದ ಹಾಕಿದೆ, ಉತ್ತರ ಇಲ್ಲ. ಅಂಚೆಯವರು ಬೀದಿಯ ತಿರುವಿನಲ್ಲಿ ಕಾಣಿಸಿದ ಕೂಡಲೇ ಕೈಯಲ್ಲಿದ್ದ ಕೆಲಸ ಬಿಟ್ಟು ಕಿಟಕಿಗೆ ಓಡುತ್ತೇನೆ. ಅವರು ನಮ್ಮ ಗೇಟಿನ ಮುಂದೆ ನಿಲ್ಲದೆ ಹೋದರೆ ಅಳು ಬರುತ್ತದೆ. ನಿಲ್ಲುತ್ತಾರೇನೋ ಅನ್ನಿಸಿದರೆ ಇನ್ನೂ ಹೆಚ್ಚು ಭಯವಾಗುತ್ತದೆ. ಸಾದಾ ಕಾಗದ ಎಡಗೈಯಲ್ಲಿ ಹಿಡಿದಿರುತ್ತಾರೆ. ಸರಕಾರದ ಕಂದು ಲಕೋಟೆಯಾದರೆ ಚೀಲದಿಂದ ತೆಗೆದು ಸಹಿ ಮಾಡಿಸಿಕೊಂಡು ಕೊಡಬೇಕು. ಅವರು ಚೀಲಕ್ಕೆ ಕೈ ಹಾಕುತ್ತಾರಾ ಅಂತ ಕಿಟಕಿಯಿಂದ ನೋಡುತ್ತಾ ನಿಂತಿರುತ್ತೇನೆ.

ಅಮ್ಮ ಏನೂ ಕೇಳುವುದನ್ನೇ ಬಿಟ್ಟಿದ್ದಾಳೆ. ನಿನ್ನ ಹಾಸಿಗೆಯನ್ನು ದಿನವೂ ಕೊಡವಿ ಹಾಸುತ್ತಾಳೆ.

ಬರೀ ಒಂದು ಸಾಲಾದರೂ ಸರಿ. ಮುಂಚೆ ಬೈದಿದ್ದನ್ನೆಲ್ಲ ವಾಪಸ್ ತಗೊಂಡಿದ್ದೇನೆ.

ಅಕ್ಕ


ಮಾರ್ಚ್ ೧೦

ಅಕ್ಕಾ,

ನಾನು ಇದ್ದೇನೆ. ಮೈಗೆ ಏನೂ ಆಗಿಲ್ಲ. ವಿಳಾಸ ಬದಲಾಗಿದೆ, ಲಕೋಟೆಯ ಹಿಂದೆ ನೋಡು. ಇದು ಗಡಿಯಿಂದ ಹಿಂದಕ್ಕಿರುವ ಊರಿನ ಶಿಬಿರ. ಠಾಣೆ ಬಿಟ್ಟು ಎಲ್ಲರೂ ಹಿಂದೆ ಬಂದಾಯಿತು, ಅದು ಈಗ ಆ ಕಡೆಯವರ ಕೈಯಲ್ಲಿದೆ.

ನಮ್ಮ ಐವರಲ್ಲಿ ಒಬ್ಬ ಹೋದ. ಅದರ ಬಗ್ಗೆ ಯಾರಿಗೂ ಬರೆಯಬಾರದು ಅಂತ ಆಜ್ಞೆಯಾಗಿದೆ. ನನಗೊಂದು ಕೋಣೆ ಕೊಟ್ಟಿದ್ದಾರೆ. ಬಾಗಿಲ ಹೊರಗೆ ಒಬ್ಬ ಕೂತಿರುತ್ತಾನೆ, ಒಳ್ಳೆಯವನು, ಬೀಡಿ ಕೊಡುತ್ತಾನೆ, ಕಾಗದಗಳನ್ನು ಯಾರೂ ಬಿಚ್ಚದ ಹಾಗೆ ತಲುಪಿಸುತ್ತಾನೆ. ಬಂದೂಕು ವಾಪಸ್ ತಗೊಂಡಿದ್ದಾರೆ. ಆಗಾಗ ಕರೆದು ಕೇಳಿದ್ದನ್ನೇ ಕೇಳುತ್ತಾರೆ. ನಾನು ಹೇಳಿದ್ದನ್ನೇ ಹೇಳುತ್ತೇನೆ.

ಅಮ್ಮನಿಗೆ ವರ್ಗ ಆಯಿತು ಅಂತ ಹೇಳು. ಬೂಟು ಬಿಚ್ಚಿ ಮಲಗುತ್ತಿದ್ದೇನೆ ಅಂತ ಹೇಳು. ಆದರೂ ನಿದ್ದೆ ಇಲ್ಲ ಅಕ್ಕಾ. ಕೆಲಸದ ವಿಷಯ ಏನಾದರೂ ಬರಿ. ಬಣ್ಣ, ಗೋಂದು, ಗೋಂದಪ್ಪ, ಏನಾದರೂ.

ಮರಿ


ಮಾರ್ಚ್ ೨೮

ಮರಿ,

ಕೆಲಸದ ವಿಷಯ ಬರಿ ಅಂದೆ. ಬರೆಯದೆ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸುವಂಥ ಕೆಲಸ ಬಂದು ಕೂತಿದೆ.

ಸೋಮವಾರ ಮೇಲಧಿಕಾರಿ ಬಂದು ಒಂದು ನಕ್ಷೆ ಕೊಟ್ಟರು. ಯಾವುದೋ ವಿಚಾರಣೆಗೆ ಮಾದರಿ ಬೇಕಂತೆ. ಜಾಗ ಈಗ ನಮ್ಮ ಕೈಯಲ್ಲಿಲ್ಲ, ಹೋಗಿ ನೋಡುವಂತಿಲ್ಲ, ಆದ್ದರಿಂದ ಮೇಜಿನ ಮೇಲೆ ಕಟ್ಟಿಕೊಡಬೇಕು. ಒಬ್ಬ ಕಾವಲುಗಾರ, ಒಂದು ಕಲ್ಲಿನ ಗೋಡೆ, ಗೋಡೆಯಾಚೆ ನೀರು ಹೊತ್ತು ವಾಪಸ್ ಬರುತ್ತಿದ್ದ ಒಬ್ಬ ಸಿಪಾಯಿ. ಹೊತ್ತು ಮೂಡಿ ಬೆಳಕಾಗಿತ್ತು. ಕಾವಲುಗಾರ ತನ್ನ ಜೊತೆಯವನನ್ನೇ ಗುಂಡಿಟ್ಟು ಕೊಂದಿದ್ದಾನೆ. ಯಾರ ಹೆಸರೂ ಇಲ್ಲ. ಕಾವಲುಗಾರನ ಹೇಳಿಕೆಯ ಒಂದು ಸಾಲು ಮಾತ್ರ ಇದೆ: ಗೋಡೆಯ ಮೇಲೆ ಟೋಪಿಯ ತುದಿ ಅಲುಗಿದ್ದು ಕಂಡಿತು, ಮುಖ ಕಾಣಲಿಲ್ಲ, ಕೂಗಿದೆ, ಉತ್ತರ ಬರಲಿಲ್ಲ.

ಗೋಡೆಯ ನಡುವೆ ಪೆನ್ಸಿಲಿನಲ್ಲಿ ಬರೆದಿತ್ತು, "ಇಲ್ಲಿ ಬಸ್ಸಿನ ಬಾಗಿಲು" ಅಂತ.

ನಾನು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ನಿಂತುಕೊಂಡೆ. ನೀರು ಸುಮ್ಮನೆ ಹರಿಯುತ್ತಿತ್ತು. ಹೊರಗೆ ಬಂದಾಗ ಗೋಂದಪ್ಪ, "ಮುಖ ಯಾಕಮ್ಮಾ ಬಿಳಿಚಿಕೊಂಡಿದೆ, ಕೊಡಿ ನಾನು ಮಾಡ್ತೀನಿ" ಅಂತ ನಕ್ಷೆಗೆ ಕೈ ಹಾಕಿದರು. ನಾನು ಕಿತ್ತುಕೊಂಡೆ ಅಂತಲೇ ಹೇಳಬೇಕು. ಕಾವಲುಗಾರ ನನ್ನ ತಮ್ಮ ಅಂತ ಹೇಳಿದರೆ ಈ ಕೆಲಸ ಅವರ ಪಾಲಾಗುತ್ತದೆ. ಅವರು ಯಾವ ಡಬ್ಬಿ ಕೈಗೆ ಸಿಗುತ್ತದೋ ಅದರಿಂದ ಒಬ್ಬನನ್ನು ತೆಗೆದು ಅಂಟಿಸುತ್ತಾರೆ. ಹೇಳದಿದ್ದರೆ ಅದು ಮೋಸ. ಎರಡರ ನಡುವೆ ಒದ್ದಾಡಿ ಸುಮ್ಮನಿದ್ದೇನೆ.

ಯಾಕೆ ಇಷ್ಟು ಹೆದರಿದ್ದೇನೆ ಅಂತ ಹೇಳುತ್ತೇನೆ ಕೇಳು. ಗೋಡೆ ಕಟ್ಟಿದೆ, ಇಪ್ಪತ್ತೆರಡೂವರೆ ಮಿಲಿಮೀಟರ್. ಕಾವಲುಗಾರನ ಕಣ್ಣು ಇರುವ ಕಡೆ ಹಲಗೆಗೆ ಸೂಜಿಯಷ್ಟು ತೂತು ಕೊರೆದೆ. ವಿಚಾರಣೆಗೆ ಬಂದವರು ಬಗ್ಗಿ ಒಂದು ಕಣ್ಣು ಇಟ್ಟು ನೋಡುವುದು ಅಲ್ಲಿಂದಲೇ. ಗೋಡೆಯಾಚೆ ನೀಲಿ ಡಬ್ಬಿಯವನನ್ನು ನಿಲ್ಲಿಸಿ ನೋಡಿದೆ. ಟೋಪಿಯ ತುದಿ ಕಾಣುತ್ತದೆ, ಬೇರೇನೂ ಇಲ್ಲ. ಅವನನ್ನು ತೆಗೆದು ಕೆಂಪು ಡಬ್ಬಿಯವನನ್ನು ನಿಲ್ಲಿಸಿದೆ. ಟೋಪಿ, ಹುಬ್ಬು, ಕಣ್ಣು, ಮೂಗು, ಎಲ್ಲ ಎದುರಿಗಿದೆ. ಎರಡು ಮಿಲಿಮೀಟರ್ ವ್ಯತ್ಯಾಸ, ನಿಜದಲ್ಲಿ ಒಂದು ಮುಖದಷ್ಟು. ಒಬ್ಬನನ್ನು ಇಟ್ಟರೆ ಅದು ಆಕಸ್ಮಿಕ. ಇನ್ನೊಬ್ಬನನ್ನು ಇಟ್ಟರೆ ಕಾವಲುಗಾರ ಜೊತೆಯವನ ಮುಖ ನೋಡಿಯೂ ಕೊಂದ ಅಂತಾಗುತ್ತದೆ. ಆಮೇಲೆ ಅವನು ಮನೆಗೆ ಬರುವುದು ಯಾವ ಕಾಲಕ್ಕೋ.

ಸತ್ತವನ ಎತ್ತರ ಎಷ್ಟು ಅಂತ ಮೇಲಧಿಕಾರಿಯನ್ನು ಕೇಳಿದೆ. "ವಿಚಾರಣೆ ಮುಗಿಯೋವರೆಗೂ ಯಾವ ವಿವರಾನೂ ಹೊರಗೆ ಬರಲ್ಲಮ್ಮ. ಸಾಧಾರಣ ಸಿಪಾಯಿ ಒಬ್ಬನನ್ನ ನಿಲ್ಸಿ, ಸಾಕು" ಅಂದರು. ಯಾರನ್ನು ನಿಲ್ಲಿಸಬೇಕು ಅಂತ ಅವರಿಗೆ ಪ್ರಶ್ನೆಯೇ ಇಲ್ಲ, ಡಬ್ಬಿಯ ಮೇಲೆ ಅಳತೆ ಇದೆಯಲ್ಲ.

ಅದಕ್ಕೇ ನಿನ್ನನ್ನು ಕೇಳುತ್ತಿದ್ದೇನೆ. ನಡೆದದ್ದನ್ನು ಬರೆಯಬೇಡ, ಆಜ್ಞೆ ಮೀರಬೇಡ. ಅವನು ಎಷ್ಟು ಎತ್ತರ ಇದ್ದ ಅಂತ ಮಾತ್ರ ಹೇಳು.

ಅಕ್ಕ


ಏಪ್ರಿಲ್ ೬

ಅಕ್ಕಾ,

ನೀಲಿ ಡಬ್ಬಿ. ಅನುಮಾನವೇ ಬೇಡ.

ಗಿಡ್ಡಕ್ಕೇ ಇದ್ದ. ನನ್ನ ಕಿವಿಯವರೆಗೆ ಬರುತ್ತಿದ್ದ ಅಷ್ಟೇ. ನೀಲಿಯವರಲ್ಲಿ ಎಡಗಾಲು ಮುಂದಿಟ್ಟು ನಡೆಯುವವನಿದ್ದರೆ ಅವನನ್ನೇ ಇಡು, ಸರಿಹೋಗುತ್ತಾನೆ. ಕೈಗೆ ನೀರಿನ ಕ್ಯಾನು ತಂತಿಯಿಂದ ಮಾಡಬಹುದು.

ಗೋಂದಪ್ಪನ ಕೈಗೆ ಕೊಡಬೇಡ. ನೀನೇ ಮಾಡು. ನೀನು ಮಾಡುತ್ತಿದ್ದೀಯ ಅಂತ ಗೊತ್ತಾದ ಮೇಲೆ ನಿನ್ನೆ ಸ್ವಲ್ಪ ನಿದ್ದೆ ಬಂತು.

ನಿನ್ನ ಮರಿ


ಏಪ್ರಿಲ್ ೧೪

ಮರಿ,

ನಿನ್ನ ಕಾಗದ ಓದಿದೆ. ಎಷ್ಟೋ ದಿನದ ಮೇಲೆ ಹೊಟ್ಟೆ ಹಸಿಯಿತು. ಅಮ್ಮ ಬಡಿಸಿದ್ದನ್ನೆಲ್ಲ ತಿಂದೆ, ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಏನು ಅಂದುಕೊಂಡಳೋ, ಎದ್ದು ಹೋಗಿ ರೇಡಿಯೋದ ಸೆಲ್ ಎಲ್ಲಿಟ್ಟಿದ್ದೀ ಅಂತ ಕೇಳಿದಳು. ಕೊಟ್ಟೆ. ಹಾಡು ಹಾಕಿಕೊಂಡು ಕೂತಳು.

ಎಡಗಾಲು ಮುಂದಿಟ್ಟವನನ್ನೇ ಅಂಟಿಸಿದೆ. ಕ್ಯಾನಿಗೆ ತಂತಿ ಸರಿಬರಲಿಲ್ಲ, ಬೆಂಕಿಕಡ್ಡಿಯ ತುಂಡು ಕೆತ್ತಿ ಮಾಡಿದೆ. ಬಸ್ಸಿನ ಬಾಗಿಲಿಗೆ ಗಾಜು ಕೂರಿಸಿದ್ದೇನೆ, ಹಿಡಿಕೆಯೂ ಇದೆ. ತೂತಿಗೆ ಕಣ್ಣಿಟ್ಟು ನೋಡಿದರೆ ನೀನು ಹೇಳಿದಷ್ಟೇ ಕಾಣುತ್ತದೆ.

ಒಂದೇ ಒಂದು ಸಣ್ಣ ಸಂಕಟ. ನೀನು ಅಷ್ಟು ಬೇಗ, ಅಷ್ಟು ಖಂಡಿತವಾಗಿ ಬರೆದದ್ದು. ಸತ್ತವನ ಬಗ್ಗೆ ಬರೆದ ಒಂದೇ ಮಾತು ಅವನು ಗಿಡ್ಡ ಅನ್ನುವುದು. ಬಿಡು, ಕೇಳಿದ್ದೂ ನಾನು ಅಷ್ಟನ್ನೇ ತಾನೆ. ಭಯ ಬಿದ್ದವಳಿಗೆ ಒಳ್ಳೆಯ ಸುದ್ದಿಯಲ್ಲೂ ಕಲ್ಲು ಸಿಗುತ್ತದೆ.

ವಿಚಾರಣೆ ಮೇ ಮೊದಲ ವಾರ ಅಂತ ಗೊತ್ತಾಗಿದೆ.

ಅಕ್ಕ


ಏಪ್ರಿಲ್ ೨೯

ಮರಿ,

ಇವತ್ತು ಅವನ ತಂಗಿ ಬಂದಿದ್ದಳು.

ಸತ್ತವನ ಮನೆಯವರು ವಿಚಾರಣೆಗೆ ಮುಂಚೆ ಮಾದರಿ ನೋಡಬಹುದಂತೆ. ಮೇಲಧಿಕಾರಿ ಅವಳನ್ನು ಕರೆತಂದು, ಯಾವುದೋ ಫೋನು ಬಂತು ಅಂತ ಹೊರಗೆ ಹೋದರು. ಕೋಣೆಯಲ್ಲಿ ನಾವಿಬ್ಬರೇ. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ, ಬಟ್ಟೆಗೆ ಇಸ್ತ್ರಿ ಹಾಕಿಕೊಂಡು ಬಂದಿದ್ದಳು. ನನ್ನನ್ನು ಅಕ್ಕಾ ಅಂತ ಕರೆದಳು. ನಾನು ಯಾರ ಅಕ್ಕ ಅಂತ ಅವಳಿಗೆ ಗೊತ್ತಿಲ್ಲ. ನನಗೆ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ.

ತೂತಿಗೆ ಕಣ್ಣಿಡಲಿಲ್ಲ ಅವಳು. ಮೇಜಿನ ಸುತ್ತ ನಡೆದು, ಗೋಡೆಯಾಚೆಯ ಕಡೆ ಹೋಗಿ, ಮಂಡಿಯೂರಿ ಕೂತು ಅವನನ್ನು ಹತ್ತಿರದಿಂದ ನೋಡಿದಳು.

"ಇದು ಯಾರು ಅಕ್ಕಾ?"

"ನಿಮ್ಮಣ್ಣ" ಅಂದೆ.

"ಇಲ್ಲ, ನಮ್ಮಣ್ಣ ಅಲ್ಲ" ಅಂದಳು. ಜಗಳದ ದನಿ ಅಲ್ಲ, ಅಂಗಡಿಯಲ್ಲಿ ಬೇರೆ ಯಾರದೋ ಕನ್ನಡಕ ಕೊಟ್ಟರೆ ಹೇಳುತ್ತೇವಲ್ಲ ಹಾಗೆ. "ಅವನು ಸಖತ್ ಉದ್ದ. ಬಸ್ಸಲ್ಲಿ ನಿಂತ್ರೆ ತಲೆ ಬಗ್ಗಿಸ್ಕೋಬೇಕಿತ್ತು. ನಮ್ಮ ಅಡುಗೆಮನೆ ಬಲ್ಬು ಅವನೇ ಕೈ ಎತ್ತಿ ಹಾಕ್ತಿದ್ದಿದ್ದು, ಸ್ಟೂಲು ಬೇಕಾಗ್ತಿರಲಿಲ್ಲ. ಈಗ ಸುಟ್ಟೋಗಿದೆ, ಹಾಗೇ ಬಿಟ್ಟಿದೀವಿ."

ನನ್ನ ಬಾಯಿಂದ ಏನು ಬಂತು ಗೊತ್ತಾ? "ಚಿಕ್ಕದರಲ್ಲಿ ಹಾಗೆ ಕಾಣುತ್ತೆ ಕಣಮ್ಮ, ದೂರದಿಂದ ನೋಡಿದ್ರೆ ಗೊತ್ತಾಗಲ್ಲ." ಗೋಂದಪ್ಪನ ಮಾತು. ಅದನ್ನು ಬೈದವಳು ನಾನೇ.

ಅವಳು ಒಪ್ಪಿಕೊಂಡಳು. ತಲೆಯಾಡಿಸಿ ಎದ್ದಳು, ಮಂಡಿಯ ಧೂಳು ಕೊಡವಿಕೊಂಡಳು. ಬಾಗಿಲ ತನಕ ಹೋಗಿ ತಿರುಗಿ, "ಆಗೋ ಹಾಗಿದ್ರೆ ಸ್ವಲ್ಪ ಎತ್ತರ ಮಾಡ್ತೀರಾ ಅಕ್ಕಾ? ಅಮ್ಮ ನೋಡೋಕೆ ಬರ್ತಾರೆ" ಅಂದಳು. ಎತ್ತರ ಮಾಡಿದರೆ ಏನಾಗುತ್ತದೆ ಅಂತ ಅವಳಿಗೆ ತಿಳಿದಿಲ್ಲ. ಅಣ್ಣ ಅಣ್ಣನ ಹಾಗೆ ಕಾಣಲಿ ಅಂತಷ್ಟೇ ಅವಳ ಆಸೆ.

ಅವಳು ಹೋದ ಮೇಲೆ ನಾನು ಮೇಲಧಿಕಾರಿಯ ಹತ್ತಿರ ಹೋದೆ. ಕಾವಲುಗಾರ ನನ್ನ ತಮ್ಮ ಅಂದೆ. ಎರಡು ಡಬ್ಬಿಗಳನ್ನೂ ಅವರ ಮೇಜಿನ ಮೇಲಿಟ್ಟು ಅಳತೆ ಮಾಡಿ ತೋರಿಸಿದೆ. ಅವರು ತಾವೇ ಅಡಿಪಟ್ಟಿ ಹಿಡಿದು ಇನ್ನೊಮ್ಮೆ ಅಳೆದರು. ಆಮೇಲೆ ಸೈನ್ಯದ ವೈದ್ಯರಿಂದ ಫೋನಿನಲ್ಲೇ ಸತ್ತವನ ಎತ್ತರ ತರಿಸಿದರು. ಟೋಪಿ ಸೇರಿಸಿ ಲೆಕ್ಕ ಹಾಕಿದರೆ ಕೆಂಪು ಡಬ್ಬಿಯವನಿಗಿಂತ ಒಂದು ಮಿಲಿಮೀಟರಿನಷ್ಟು ಹೆಚ್ಚೇ. ಇನ್ನು ನಾನು ಆ ಮಾದರಿಯನ್ನು ಮುಟ್ಟುವಂತಿಲ್ಲ, ಗೋಂದಪ್ಪ ಮುಗಿಸುತ್ತಾರೆ. ನಿನ್ನ ಎಡಗಾಲಿನವನನ್ನು ಅವರು ಬ್ಲೇಡಿನಿಂದ ಎಬ್ಬಿಸುವಾಗ ನಾನು ಕಿಟಕಿಯ ಕಡೆ ತಿರುಗಿ ನಿಂತಿದ್ದೆ. ಹೋಗುವಾಗ ನನ್ನ ಕೊಡೆಯನ್ನು ಎತ್ತಿ ಕೈಗೆ ಕೊಟ್ಟರು.

ಮರಿ, ಜನವರಿಯಿಂದ ನಿನಗೇನಾಗುತ್ತದೋ ಅಂತ ಹೆದರಿ ಹೆದರಿ ಸತ್ತಿದ್ದೇನೆ. ಇವತ್ತು ನಿನ್ನ ಆ ಪುಟ್ಟ ಕಾಗದವನ್ನು ಮತ್ತೆ ಓದಿದಾಗ ನನಗೆ ನಿನ್ನ ಬಗ್ಗೆಯೇ ಭಯವಾಯಿತು. ಒಂದೇ ಕೋಣೆಯಲ್ಲಿ ಮಲಗಿ ಎದ್ದವನು ಎಷ್ಟು ಉದ್ದ ಅಂತ ನಿನಗೆ ಗೊತ್ತಿತ್ತು. ಎರಡು ಡಬ್ಬಿಯ ವ್ಯತ್ಯಾಸವೂ ಗೊತ್ತಿತ್ತು. ಗೊತ್ತಿದ್ದೇ ನನ್ನ ಕೈಯಿಂದ ಮಾಡಿಸಿದೆ.

ಆ ಬೆಳಿಗ್ಗೆ ನಿನಗೆ ಏನು ಕಂಡಿತೋ ನಾನು ಕಾಣೆ. ನಮ್ಮದೇ ಸಮವಸ್ತ್ರದಲ್ಲಿ ಬಂದವರು ಒಬ್ಬನನ್ನು ಎಳೆದುಕೊಂಡು ಹೋದ ಮೇಲೆ, ನಿದ್ದೆಗೆಟ್ಟವನಿಗೆ ಗೆಳೆಯನ ಮುಖವೂ ಬೇರೆ ಯಾರದೋ ಹಾಗೆ ಕಾಣಬಹುದು. ಅದನ್ನು ಹೇಳು. ಹೆದರಿದ್ದೆ ಅಂತ ಹೇಳು. ಎಷ್ಟು ಹೆದರಿದ್ದೆ ಅಂತ ಹೇಳು, ಬೂಟು ಬಿಚ್ಚದೆ ಮಲಗಿದ್ದು, ಕನ್ನಡಿಗೆ ಬೆಚ್ಚಿದ್ದು ಎಲ್ಲ ಹೇಳು. ನಾನು ನಂಬುತ್ತೇನೆ. ಅವರು ನಂಬದಿದ್ದರೆ ನೀನು ಒಳಗಿರುವಷ್ಟು ಕಾಲ ನಾನು ಬರೆಯುತ್ತಿರುತ್ತೇನೆ, ಅಮ್ಮನನ್ನು ನೋಡಿಕೊಳ್ಳುತ್ತೇನೆ. ಆದರೆ ಅವನನ್ನು ಗಿಡ್ಡ ಮಾಡಬೇಡ. ಅವರ ಮನೆಯಲ್ಲಿ ಉಳಿದಿರುವುದು ಅವನ ಎತ್ತರ ಒಂದೇ.

ವಿಚಾರಣೆಯ ದಿನ ನನ್ನನ್ನು ಒಳಗೆ ಬಿಡುವುದಿಲ್ಲ. ಹೊರಗೆ ಕಾರಿಡಾರಿನಲ್ಲಿ ಕೂತಿರುತ್ತೇನೆ. ಅವಳೂ ಅವಳ ಅಮ್ಮನೂ ಬರುತ್ತಾರೆ. ಅಷ್ಟು ಹೊತ್ತಿಗೆ ನಾನು ಯಾರು ಅಂತ ಅವರಿಗೆ ತಿಳಿದಿರುತ್ತದೆ. ಅಲ್ಲಿರುವುದು ಒಂದೇ ಬೆಂಚು.

ಅಕ್ಕ